ಅಪ್ಪಣೆಗೆ ಕಾದ ಊರು

ಗವಿಪುರಂನಲ್ಲಿ ಬಹಳ ಕಾಲ ಹೊಲಿಗೆ ಅಂಗಡಿ ಇಟ್ಟಿದ್ದ ಚಾಚಾ ಒಬ್ಬರನ್ನು ತುರ್ತುಪರಿಸ್ಥಿತಿಯ ಬಗ್ಗೆ ಕೇಳಿದೆ. ನಾನು ಹುಟ್ಟಿದ್ದು ಅದು ಮುಗಿದ ಮೇಲೆ. ಅವರಿಗೆ ಆಗ ಇಪ್ಪತ್ತು ದಾಟಿತ್ತು. ತಂದೆಯ ಅಂಗಡಿಯಲ್ಲಿ ಕಾಜಾ ಗುಂಡಿ ಹಾಕುತ್ತಿದ್ದರು. 'ಕುಚ್ ನೈ ಹುವಾ ಬೇಟಾ' ಎಂದರು. ಏನೂ ಆಗಲಿಲ್ಲ. ಬಸ್ಸು ಸರಿಯಾದ ಹೊತ್ತಿಗೆ ಬರುತ್ತಿತ್ತು, ಆಫೀಸಿನವರು ಗಡಿಯಾರ ನೋಡಿಕೊಂಡು ಓಡುತ್ತಿದ್ದರು, ಗಲಾಟೆ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸಿದರು. ಅಂಗಡಿಯ ಮುಂದಿನ ಬೆಂಚಿನ ಮೇಲೆ ರಿಟೈರಾದ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ಕೂತು ಕನ್ನಡ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಕನ್ನಡ ಮಾತು ಬಂದರೂ ಓದಲು ಬಾರದ ದರ್ಜಿಗಳಿಗೆ ಅದೇ ವಾರ್ತೆ. 75ರ ಮಳೆಗಾಲದಲ್ಲಿ ಯಾವಾಗಲೋ ಅವರು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದರು. 'ಪೊಲೀಸರು ಹೇಳಿದ್ರಾ ಚಾಚಾ?' ಎಂದೆ. 'ಯಾರೂ ಹೇಳಲಿಲ್ಲ. ಅವರೇ ನಿಲ್ಲಿಸಿದರು.'

ಸರ್ವಾಧಿಕಾರವೊಂದು ಸಮಾಜವನ್ನು ಹೇಗೆ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ ಎಂದು ತಿಳಿಯಲು ನಾವು ಸಾಮಾನ್ಯವಾಗಿ ಜೈಲಿನ ಕಡೆ ನೋಡುತ್ತೇವೆ. ನಮ್ಮಲ್ಲಿ ತುರ್ತುಪರಿಸ್ಥಿತಿಯ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಜೈಲಿಗೆ ಹೋದವರ ನೆನಪುಗಳು. ಅವು ಬೇಕು. ಆದರೆ ಜೈಲಿನ ಒಳಗೆ ಇದ್ದವರು ಲಕ್ಷಕ್ಕೂ ಸ್ವಲ್ಪ ಹೆಚ್ಚು, ಹೊರಗಿದ್ದವರು ಕೋಟಿಗಟ್ಟಲೆ. ಆ ಕೋಟಿ ಜನರ ಕತೆ ಚಾಚಾ ಹೇಳಿದ ಎರಡು ಮಾತಿನ ನಡುವೆ ಇದೆ: 'ಏನೂ ಆಗಲಿಲ್ಲ' ಮತ್ತು 'ಅವರೇ ನಿಲ್ಲಿಸಿದರು'. ಈ ನಡುವಿನ ಜಾಗವನ್ನು ನಮ್ಮ ಸಾಹಿತ್ಯ, ಸಿನಿಮಾ ಎಷ್ಟು ಮುಟ್ಟಿವೆ ಎಂಬುದೇ ಈ ಲೇಖನದ ಪ್ರಶ್ನೆ.

ಬೆಂಗಳೂರಿನಲ್ಲಿ 'ಏನೂ ಆಗಲಿಲ್ಲ' ಎಂಬ ಮಾತು ಎಷ್ಟು ನಿಜ? 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಮರುದಿನವೇ ಇದೇ ಊರಿನಲ್ಲಿ ಬಂಧನಕ್ಕೊಳಗಾಗಿ ಸೆಂಟ್ರಲ್ ಜೈಲು ಸೇರಿದರು. ಜುಲೈ 4ರಂದು 26 ಸಂಘಟನೆಗಳನ್ನು ನಿಷೇಧಿಸಲಾಯಿತು. ಆ ಪಟ್ಟಿಯಲ್ಲಿ ಆರೆಸ್ಸೆಸ್ಸೂ ಇತ್ತು, ಜಮಾಅತೆ ಇಸ್ಲಾಮಿ ಹಿಂದ್ ಕೂಡ ಇತ್ತು. ಪತ್ರಿಕೆಗಳು ಅಚ್ಚಿಗೆ ಹೋಗುವ ಮುಂಚೆ ಸೆನ್ಸಾರ್ ಕಣ್ಣಿನಿಂದ ಹಾಯಬೇಕಾಗಿತ್ತು. 1976ರಲ್ಲಿ ದೇಶದ 16 ಮಂದಿ ಹೈಕೋರ್ಟ್ ನ್ಯಾಯಾಧೀಶರನ್ನು ಬೇರೆ ರಾಜ್ಯಗಳಿಗೆ ವರ್ಗ ಮಾಡಿದರು. ಅದೇ ವರ್ಷ ಏಪ್ರಿಲ್ 28ರಂದು, ಬಂಧಿತನಾದವನು ತನ್ನ ಬಂಧನ ಕಾನೂನುಬಾಹಿರ ಎಂದು ಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪು ಬಂದ ನಾಲ್ಕನೆಯ ದಿನ, ಮೇ 2ರಂದು, ಬೆಂಗಳೂರಿನಲ್ಲಿ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅದರ ಹಿಂದಿನ ದಿನವಷ್ಟೇ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಹೇಳು ಎಂದು ಅವರ ತಮ್ಮ ಲಾರೆನ್ಸ್ ಅವರನ್ನು ಇದೇ ನಗರದ ಪೊಲೀಸರು ಎಳೆದೊಯ್ದಿದ್ದರು. ಅವರಿಗೆ ಕೊಟ್ಟ ಚಿತ್ರಹಿಂಸೆ ಆಮೇಲೆ ದೇಶಕ್ಕೆಲ್ಲ ಗೊತ್ತಾಯಿತು.

ಅಂದರೆ ಗವಿಪುರಂನಿಂದ ಕೆಲವೇ ಮೈಲಿಯ ಅಂತರದಲ್ಲಿ ಇಷ್ಟೆಲ್ಲ ಆಗುತ್ತಿತ್ತು. ಚಾಚಾ ಸುಳ್ಳು ಹೇಳಲಿಲ್ಲ. ಅವರಿಗೆ ಗೊತ್ತಾಗುವ ಒಂದೇ ದಾರಿ ಆ ಬೆಂಚಾಗಿತ್ತು. ಅದು ಮುಚ್ಚಿತ್ತು.

ಇದನ್ನು ಫ್ಯಾಸಿಸಂ ಎನ್ನಬಹುದೇ? ಆ ಶಬ್ದವನ್ನು ಅಂದು ಎರಡೂ ಕಡೆಯವರು ಎಸೆದಾಡಿದರು. ಜೆ.ಪಿ. ಚಳವಳಿಯೇ ಫ್ಯಾಸಿಸಂ ಎಂದು ಇಂದಿರಾ ಗಾಂಧಿಯವರ ಬೆಂಬಲಿಗರು ಹೇಳಿದರೆ, ಇಂದಿರಾ ಆಡಳಿತವೇ ಫ್ಯಾಸಿಸಂ ಎಂದು ವಿರೋಧಿಗಳು ಹೇಳಿದರು. ಇಟಲಿಯಲ್ಲಿ ಇದ್ದ ಕರಿ ಅಂಗಿಯ ಪಡೆ ಇಲ್ಲಿ ಇರಲಿಲ್ಲ, ಜರ್ಮನಿಯಲ್ಲಿದ್ದ ಜನಾಂಗದ ಸಿದ್ಧಾಂತ ಇರಲಿಲ್ಲ, ಕೊನೆಗೆ ಚುನಾವಣೆಯೂ ನಡೆಯಿತು. ಹಾಗಾಗಿ ಹೆಸರಿನ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಫ್ಯಾಸಿಸಂ ಮನೆಯೊಳಗೆ ಹೇಗಿರುತ್ತದೆ ಎಂಬುದು ಗೊತ್ತಿದ್ದರೆ ನಮ್ಮದನ್ನು ಅಳೆಯಲು ಒಂದು ಗಜಕಡ್ಡಿ ಸಿಗುತ್ತದೆ.

ಅಂಥ ಗಜಕಡ್ಡಿ ಎತ್ತೋರೆ ಸ್ಕೋಲಾ ನಿರ್ದೇಶಿಸಿದ 'ಎ ಸ್ಪೆಷಲ್ ಡೇ' ಎಂಬ ಇಟಲಿಯ ಸಿನಿಮಾ. ಬಂದದ್ದು 1977ರಲ್ಲಿ, ನಮ್ಮ ತುರ್ತುಪರಿಸ್ಥಿತಿ ಮುಗಿದ ವರ್ಷವೇ. ಕತೆ ನಡೆಯುವುದು 1938ರ ಮೇ ತಿಂಗಳಲ್ಲಿ, ಹಿಟ್ಲರ್ ರೋಮಿಗೆ ಬಂದ ದಿನ. ವಠಾರದಂಥ ದೊಡ್ಡ ಕಟ್ಟಡದ ಜನರೆಲ್ಲ ಮೆರವಣಿಗೆ ನೋಡಲು ಹೋಗಿದ್ದಾರೆ. ಉಳಿದವರು ಆರು ಮಕ್ಕಳ ತಾಯಿಯೊಬ್ಬಳು, ಎದುರು ಮನೆಯ ಒಬ್ಬ ಗಂಡಸು, ಮತ್ತೆ ಕಟ್ಟಡ ಕಾಯುವ ಹೆಂಗಸು. ಆ ಗಂಡಸು ರೇಡಿಯೋ ಉದ್ಘೋಷಕನಾಗಿದ್ದವನು. ಸಲಿಂಗಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡು ಗಡೀಪಾರಿಗೆ ಕಾಯುತ್ತಿದ್ದಾನೆ. ಇಡೀ ಸಿನಿಮಾದಲ್ಲಿ ಒಬ್ಬ ಪೊಲೀಸನೂ ಲಾಠಿ ಎತ್ತುವುದಿಲ್ಲ. ಅಂಗಳದಲ್ಲಿ ರೇಡಿಯೋ ಗಟ್ಟಿಯಾಗಿ ಮೆರವಣಿಗೆಯ ವರ್ಣನೆ ಒದರುತ್ತಿರುತ್ತದೆ ಅಷ್ಟೆ. ತಾಯಿ ಮುಸೊಲಿನಿಯ ಚಿತ್ರಗಳನ್ನು ಆಲ್ಬಮ್ಮಿನಲ್ಲಿ ಅಂಟಿಸಿಟ್ಟಿದ್ದಾಳೆ. ಹೆಚ್ಚು ಹೆತ್ತವರಿಗೆ ಸರ್ಕಾರದ ಬಹುಮಾನ, ಮದುವೆಯಾಗದವನಿಗೆ ತೆರಿಗೆ. ಸರ್ಕಾರ ಅವಳ ಅಡುಗೆಮನೆಗೂ ಹಾಸಿಗೆಗೂ ಬಂದು ಕೂತಿದೆ, ಅವಳಿಗೆ ಅದು ಸಹಜವೆನಿಸಿದೆ.

ಈಗ ನಮ್ಮ ಕಡೆ ನೋಡಿ. ಅಲ್ಲಿನ ಸರ್ವಾಧಿಕಾರಿ ಇನ್ನೂ ಹೆರು ಎಂದ. ಇಲ್ಲಿ ಸಾಕು ಎಂದು ಕತ್ತರಿ ಹಿಡಿದು ಬಂದರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. 'ನಸ್‌ಬಂದಿ' ಎಂಬ ಶಬ್ದ ದಖ್ಖನಿ ಮನೆಗಳಲ್ಲಿ ಇವತ್ತಿಗೂ ತಗ್ಗಿದ ದನಿಯ ಶಬ್ದ. ಹರಿಯಾಣದ ಉತ್ತಾವರ್ ಎಂಬ ಮುಸ್ಲಿಮರ ಹಳ್ಳಿಯನ್ನು 1976ರ ನವೆಂಬರಿನಲ್ಲಿ ಪೊಲೀಸರು ಸುತ್ತುವರಿದು ಗಂಡಸರನ್ನು ಲಾರಿಗಳಲ್ಲಿ ತುಂಬಿಸಿಕೊಂಡು ಹೋದರು. ಹೆರು ಎನ್ನುವುದೂ ಬೇಡ ಎನ್ನುವುದೂ ಮೇಲುನೋಟಕ್ಕೆ ವಿರುದ್ಧ. ಎರಡರ ಅಡಿಯಲ್ಲಿ ಇರುವ ನಂಬಿಕೆ ಒಂದೇ: ನಿನ್ನ ದೇಹ ನಿನ್ನದಲ್ಲ, ದೇಶದ್ದು, ದೇಶ ಅಂದರೆ ನಾನು.

ಕನ್ನಡದಲ್ಲಿ ಇಂಥ ಗಜಕಡ್ಡಿ ಇದೆಯೇ? ಇದೆ ಎಂದು ನನ್ನ ನಂಬಿಕೆ. ಆದರೆ ಅದು ತುರ್ತುಪರಿಸ್ಥಿತಿಯ ಬಗ್ಗೆ ಬರೆದ ಕೃತಿಯಲ್ಲ, ಅದಕ್ಕೆ ಹತ್ತು ವರ್ಷ ಮುಂಚೆ, 1965ರಲ್ಲಿ ಬಂದ ಅನಂತಮೂರ್ತಿಯವರ 'ಸಂಸ್ಕಾರ'. ಅದನ್ನು ಬ್ರಾಹ್ಮಣ್ಯದ ವಿಮರ್ಶೆ ಎಂದೂ, ವ್ಯಕ್ತಿಯ ಆಯ್ಕೆಯ ಕತೆ ಎಂದೂ ಓದಿ ಓದಿ ಸವೆಸಿದ್ದೇವೆ. ಒಮ್ಮೆ ಅದನ್ನು ಅಪ್ಪಣೆಗೆ ಕಾಯುವ ಸಮಾಜದ ಕತೆ ಎಂದು ಓದಿ ನೋಡಬೇಕು. ನಾರಣಪ್ಪ ಸತ್ತಿದ್ದಾನೆ. ಹೆಣ ಮನೆಯಲ್ಲಿದೆ. ಹೆಣ ಎತ್ತದೆ ಊಟವಿಲ್ಲ. ಇಡೀ ಅಗ್ರಹಾರ ಹಸಿದು ಕೂತಿದೆ. ಅವರನ್ನು ತಡೆದಿರುವ ಪೊಲೀಸರಾರೂ ಇಲ್ಲ. ಎಲ್ಲರೂ ಪ್ರಾಣೇಶಾಚಾರ್ಯರ ಅಪ್ಪಣೆ ಕಾಯುತ್ತಿದ್ದಾರೆ, ಆಚಾರ್ಯರು ಗ್ರಂಥದ ಅಪ್ಪಣೆ ಕಾಯುತ್ತಿದ್ದಾರೆ, ಗ್ರಂಥದಲ್ಲಿ ಸಿಗದೆ ಮಾರುತಿಯ ಪ್ರಸಾದಕ್ಕೆ ಕಾಯುತ್ತಿದ್ದಾರೆ. ಹೆಣ ನಾರುತ್ತಿದೆ, ಇಲಿಗಳು ಬೀಳುತ್ತಿವೆ. ಪ್ರತಿಯೊಬ್ಬನಿಗೂ ಏನು ಮಾಡಬೇಕೆಂದು ಗೊತ್ತು, ತಾನು ಮೊದಲು ಮಾಡಬಾರದೆಂದೂ ಗೊತ್ತು.

ಆ ಹೆಣವನ್ನು ಸುಟ್ಟವರು ಯಾರು? ನಾರಣಪ್ಪನ ಜೊತೆಗಿದ್ದ ಚಂದ್ರಿ. ಅವಳಿಗೆ ನೆರವಾದವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಹಿಂದೊಮ್ಮೆ ಎತ್ತು ಕೊಳ್ಳಲು ನಾರಣಪ್ಪ ಸಾಲ ಕೊಟ್ಟದ್ದನ್ನು ನೆನೆದು ಆತ ಗಾಡಿ ಕಟ್ಟಿ ಬರುತ್ತಾನೆ. ಇಬ್ಬರೂ ರಾತ್ರಿಯಲ್ಲಿ ಕೆಲಸ ಮುಗಿಸುತ್ತಾರೆ. ಆಚಾರ್ಯರಿಗೆ ಸುದ್ದಿಯೂ ಇಲ್ಲ. ವಿಮರ್ಶೆಯಲ್ಲಿ ಅಹಮದ್ ಬ್ಯಾರಿಗೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಆತ ಕಾದಂಬರಿಯಲ್ಲಿ ಬರುವುದೂ ಒಂದೆರಡು ಪುಟ. ಆದರೆ ಕತೆಗಾರನಾಗಿ ನನಗೆ ಕಾದಂಬರಿಯ ಬೆನ್ನುಮೂಳೆ ಅಲ್ಲೇ ಇದೆ ಅನಿಸುತ್ತದೆ. ಅವನೇನು ಕ್ರಾಂತಿಕಾರಿಯಲ್ಲ. ಒಂದು ಋಣ ನೆನಪಿಟ್ಟ, ಎದುರಿಗಿದ್ದ ಕೆಲಸ ಮಾಡಿದ. ಯಾರ ಅಪ್ಪಣೆಯೂ ಅದಕ್ಕೆ ಬೇಕು ಎಂದು ಅವನಿಗೆ ಹೊಳೆಯಲಿಲ್ಲ.

ನಮ್ಮ ಮನೆಗಳಲ್ಲಿ ನೆಂಟರು ಎದ್ದು ಹೊರಡುವಾಗ 'ಇಜಾಜತ್' ಎನ್ನುತ್ತಾರೆ, ಅಪ್ಪಣೆಯೇ ಎಂದು. ಅದೊಂದು ಸಭ್ಯತೆ, ಅದರಲ್ಲಿ ಭಯವಿಲ್ಲ. ಹಾಡು ಹಾಕಲು, ಪೇಪರ್ ಓದಲು, ಸ್ನೇಹಿತನ ಹೆಸರು ಹೇಳಲು ಮನಸ್ಸಿನಲ್ಲೇ ಇಜಾಜತ್ ಕೇಳತೊಡಗಿದರೆ ಅದು ಸಭ್ಯತೆಯಲ್ಲ. ಆಗ ಸರ್ಕಾರಕ್ಕೆ ಕೆಲಸವೇ ಉಳಿದಿರುವುದಿಲ್ಲ, ನಾವೇ ಮಾಡಿ ಮುಗಿಸಿರುತ್ತೇವೆ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು 'ಸಂಸ್ಕಾರ'ವನ್ನು ಸಿನಿಮಾ ಮಾಡಿದಾಗ ಚಂದ್ರಿಯ ಪಾತ್ರ ಮಾಡಿದವರು ಅವರ ಪತ್ನಿ ಸ್ನೇಹಲತಾ ರೆಡ್ಡಿ. ಸೆನ್ಸಾರಿನವರು ಮೊದಲು ಆ ಸಿನಿಮಾವನ್ನು ತಡೆದರು. ಬಿಡುಗಡೆಯಾದ ಮೇಲೆ ಅದು ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆಯಿತು. ಆರು ವರ್ಷದ ಮೇಲೆ ಅದೇ ಚಂದ್ರಿ ಸೆಂಟ್ರಲ್ ಜೈಲಿನಲ್ಲಿದ್ದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರು, ಆದರೆ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ ಎಂಟು ತಿಂಗಳು ಇಟ್ಟುಕೊಂಡರು. ಅವರಿಗೆ ಉಬ್ಬಸವಿತ್ತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ರಾತ್ರಿಯ ನಿಶ್ಶಬ್ದದಲ್ಲಿ ಅವರು ಚೀರುವುದು ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ನಂತರ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಗವಿಗಂಗಾಧರೇಶ್ವರನ ಗವಿಯೊಳಗೆ ಸೂರ್ಯನ ಕಿರಣ ಇಳಿಯುವುದನ್ನು ನೋಡಲು ಗವಿಪುರಂನಲ್ಲಿ ಜನ ಸಾಲುಗಟ್ಟುವ ಸಂಕ್ರಾಂತಿಯ ದಿನಗಳು ಅವು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಅವರು ಜೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದ ದಿನಚರಿ ಅದೇ ವರ್ಷ 'ಎ ಪ್ರಿಸನ್ ಡೈರಿ' ಎಂದು ಪುಸ್ತಕವಾಯಿತು. ಅದನ್ನು ಹುತಾತ್ಮೆಯ ದಾಖಲೆ ಎಂದಷ್ಟೇ ಓದಿದರೆ ಅನ್ಯಾಯ. ರಾಜಕೀಯ ಕೈದಿಗಳ ಬರಹಗಳಲ್ಲಿ ಸಾಮಾನ್ಯವಾಗಿ ಕಳ್ಳರು, ಕೊಲೆಗಾರರು ಹಿನ್ನೆಲೆಯಲ್ಲಿರುತ್ತಾರೆ. ನಾಯಕನ ಚಿಂತನೆ ಮುಂದಿರುತ್ತದೆ. ಇಲ್ಲಿ ಹಾಗಿಲ್ಲ. ಜೈಲಿಗೆ ಬರುವ ಹೆಂಗಸರ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುವುದನ್ನು ಅವರು ಪ್ರಶ್ನಿಸುತ್ತಾರೆ. ಕೈದಿಗಳನ್ನು ಹೊಡೆಯುವುದರ ವಿರುದ್ಧ, ಕೆಟ್ಟ ಊಟದ ವಿರುದ್ಧ ಜಗಳ ಮಾಡುತ್ತಾರೆ. ಈ ಹೆಂಗಸರಿಗೆ 1975ರ ಜೂನ್ 25 ಹೊಸ ದಿನವೇನಲ್ಲ, ಅವರ ಬದುಕು ಹುಟ್ಟಿದಾಗಿನಿಂದ ತುರ್ತುಪರಿಸ್ಥಿತಿಯಲ್ಲೇ ಇತ್ತು ಎಂಬುದು ಓದುಗನಿಗೆ ಮೆಲ್ಲಗೆ ಅರಿವಾಗುತ್ತದೆ. ಪುಸ್ತಕದ ದೊಡ್ಡಗುಣ ಇದು. ಹೊರಗೆ ಮೇಷ್ಟ್ರು ದನಿ ತಗ್ಗಿಸಿದ್ದ ಕಾಲದಲ್ಲಿ ಒಳಗೆ ಒಬ್ಬ ರೋಗಿಷ್ಠ ಹೆಂಗಸು ಅಪ್ಪಣೆ ಕೇಳದೆ ದನಿ ಎತ್ತಿದ್ದರು. ಚಂದ್ರಿಯಂತೆ.

ಹೊರಗೂ ದನಿಗಳಿದ್ದವು. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕವನ್ನು ಆಧರಿಸಿ ಪಟ್ಟಾಭಿ ಅವರು 'ಚಂಡಮಾರುತ' ಮಾಡಿದರು. ಇವೆಲ್ಲ ಗೌರವದ ಸಂಗತಿಗಳು. ಆದರೆ ನನ್ನ ಓದಿನ ಮಟ್ಟಿಗೆ ಹೇಳುವುದಾದರೆ, ನಮ್ಮ ಬರಹಗಾರರಿಗೆ ಅಧಿಕಾರವನ್ನು ಎದುರಿಸುವ ಆತ್ಮಸಾಕ್ಷಿ ಒಲಿದಷ್ಟು, ಎದುರಿಸದೆ ಇದ್ದವರ ಅಡುಗೆಮನೆ ಒಲಿಯಲಿಲ್ಲ. ಸ್ಕೋಲಾನ ಆರು ಮಕ್ಕಳ ತಾಯಿಯಂಥವಳು ತುರ್ತುಪರಿಸ್ಥಿತಿಯ ಕನ್ನಡ ಕತೆಗಳಲ್ಲಿ ನನಗೆ ಸಿಗಲಿಲ್ಲ.

ಕಾರಣ ಹುಡುಕುತ್ತಾ ಹೋದರೆ ಒಂದು ಮುಜುಗರದ ಲೆಕ್ಕ ಎದುರಾಗುತ್ತದೆ. 1977ರ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಅವರನ್ನು ಗುಡಿಸಿ ಹಾಕಿತು. ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಅದೇ ಕಾಂಗ್ರೆಸ್ ಗೆದ್ದಿತು. ಕೈತಪ್ಪಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಬಸವನಗುಡಿಯ ಕಡೆಯ ಓದುಬರಹ ಬಲ್ಲ ಜನ ಇಲ್ಲಿ ಆರಿಸಿದ್ದು, ಹಿರಿತನ ಕಡೆಗಣಿಸಿದ್ದಕ್ಕೆ 1973ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟು ಬಂದಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರನ್ನು. 'ನೀವು ಯಾರಿಗೆ ಹಾಕಿದಿರಿ?' ಎಂದು ಚಾಚಾರನ್ನು ಕೇಳಿದೆ. 'ಹಸು ಕರುವಿಗೆ' ಎಂದರು ನಗುತ್ತಾ. ಆಗ ಕಾಂಗ್ರೆಸ್ಸಿನ ಗುರುತು ಅದು.

ಅವರ ನಗುವಿಗೆ ಕಾರಣವಿದೆ. ದೇವರಾಜ ಅರಸು ಸರ್ಕಾರದ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ಸಿಗುತ್ತಿತ್ತು. ಕರಾವಳಿಯ ಗೇಣಿದಾರರಲ್ಲಿ ಮುಸ್ಲಿಮರೂ ಇದ್ದರು. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಅರಸು ಸರ್ಕಾರ ಹಿಂದುಳಿದವರ ಪಟ್ಟಿಗೆ ಮುಸ್ಲಿಮರನ್ನೂ ಸೇರಿಸಿತು. ನಮ್ಮವರಲ್ಲಿ ಎಷ್ಟೋ ಮಂದಿ ಗುಮಾಸ್ತರು, ಮೇಷ್ಟ್ರುಗಳು ಆದದ್ದು ಆ ದಾರಿಯಿಂದ. ಪೇಪರಿನ ಸ್ವಾತಂತ್ರ್ಯ ಕಳೆದುಕೊಂಡವರಿಗೂ ಹೊಲದ ಪಟ್ಟೆ ಸಿಕ್ಕವರಿಗೂ ಒಂದೇ ಕಾಲ ಒಂದೇ ರೀತಿ ಕಾಣಬೇಕೆಂದು ಕೇಳುವ ಹಕ್ಕು ನಮಗಿಲ್ಲ.

ಆದರೆ ಇಲ್ಲಿ ಒಂದು ಗಂಟು ಬಿಚ್ಚಬೇಕು. ಭೂಮಿ ಕೊಟ್ಟದ್ದು ತುರ್ತುಪರಿಸ್ಥಿತಿಯಲ್ಲ. ಆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ, ಚುನಾಯಿತ ಶಾಸನಸಭೆಯ ತೀರ್ಮಾನದಿಂದ, ಪತ್ರಿಕೆಗಳು ಬಾಯಿ ಬಿಡುತ್ತಿದ್ದ ಕಾಲದಲ್ಲಿ. ಬಡವನಿಗೆ ಅನ್ನ ಬೇಕಾದರೆ ಬಾಯಿ ಮುಚ್ಚಬೇಕು ಎಂಬುದು ಸರ್ವಾಧಿಕಾರಿಗಳು ಹಬ್ಬಿಸುವ ಮಾತು, ನಾವು ಅದನ್ನು ನಂಬಿದೆವು. ಇನ್ನೊಂದು ಹೋಲಿಕೆ ಕೊಡುತ್ತೇನೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ ಮುಸ್ಲಿಮರ 2ಬಿ ಪ್ರವರ್ಗದ ಶೇಕಡಾ 4ರ ಮೀಸಲಾತಿಯನ್ನು ಸಂಪುಟದ ಒಂದು ತೀರ್ಮಾನದಿಂದ ತೆಗೆಯಲು ಹೊರಟಿತು. ಜನ ಕೋರ್ಟಿಗೆ ಹೋದರು. ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ ಹೇಳಬೇಕಾಯಿತು. 1976ರಲ್ಲಾಗಿದ್ದರೆ? ಸ್ವಾತಂತ್ರ್ಯವಿಲ್ಲದ ಕಡೆ ಸಿಕ್ಕಿದ್ದೆಲ್ಲ ದಯೆ. ದಯೆಯನ್ನು ಕೊಟ್ಟವನು ಹಿಂದಕ್ಕೆ ಪಡೆಯಬಹುದು. ಹಕ್ಕನ್ನು ಹಾಗೆ ಪಡೆಯಲಾಗದು. ಈ ವ್ಯತ್ಯಾಸ ನಮ್ಮ ಸಮುದಾಯಕ್ಕಿಂತ ಹೆಚ್ಚಾಗಿ ಇನ್ಯಾರಿಗೆ ಗೊತ್ತಿರಬೇಕು?

ಹಾಗಿದ್ದೂ ನೆನಪು ಪಕ್ಷಗಳ ಪಾಲಾಗಿದೆ. ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. 2024ರಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು 'ಸಂವಿಧಾನ ಹತ್ಯಾ ದಿನ' ಎಂದು ಸಾರಿತು. ಜೈಲು ಕಂಡವರು ತಮ್ಮ ಜೈಲನ್ನು ನೆನೆಯುತ್ತಾರೆ. ಇಂದು ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಒಳಗಿರುವವರ ಹೆಸರು ಬಂದರೆ ಗಂಟಲು ಕಟ್ಟುತ್ತದೆ. ಆರೆಸ್ಸೆಸ್ಸಿನವರೂ ಜಮಾಅತಿನವರೂ ಒಂದೇ ಜೈಲಿನ ಅನ್ನ ಉಂಡರು ಎಂಬುದನ್ನು ಎರಡೂ ಕಡೆಯ ಹಿರಿಯರು ಹೇಳುವುದುಂಟು. ಆ ಅನ್ನದ ಋಣವನ್ನು ಅಹಮದ್ ಬ್ಯಾರಿ ನೆನಪಿಟ್ಟಂತೆ ಯಾರೂ ನೆನಪಿಡಲಿಲ್ಲ.

ಬೆರಳನ್ನು ನಮ್ಮ ಕಡೆಗೂ ತಿರುಗಿಸಬೇಕು. 2000ದಲ್ಲಿ ಮಸೀದಿಗೆ ಹೆಂಗಸರ ಪ್ರವೇಶದ ಪರ ಮಾತಾಡಿದ್ದಕ್ಕೆ ಬಾನು ಮುಷ್ತಾಕ್ ಅವರಿಗೆ ಸಾಮಾಜಿಕ ಬಹಿಷ್ಕಾರ ಹಾಕಿದರು. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಮೊಹಲ್ಲಾಗಳೆಲ್ಲ ಹೆಮ್ಮೆಪಟ್ಟವು. ಮೊಹಲ್ಲಾದ ಬಹಿಷ್ಕಾರವೂ ದೇಶದ ಸರ್ವಾಧಿಕಾರವೂ ಒಂದೇ ಅಲ್ಲ. ಒಂದರ ಕೈಯಲ್ಲಿ ಬಂದೂಕು, ಜೈಲು ಇದೆ, ಇನ್ನೊಂದರ ಕೈಯಲ್ಲಿ ಇಲ್ಲ. ಆದರೆ ಬಹಿಷ್ಕಾರದ ದಿನಗಳಲ್ಲಿ ಆ ಮನೆಯ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿದವನು ಮಾಡಿದ್ದು ಅಗ್ರಹಾರದವರು ಮಾಡಿದ್ದನ್ನೇ. ಮನೆಯಲ್ಲಿ, ಬೀದಿಯಲ್ಲಿ ಅಪ್ಪಣೆಗೆ ಕಾಯುವುದನ್ನು ಕಲಿತ ಸಮಾಜವನ್ನು ಆಳುವುದು ದೆಹಲಿಗೆ ಸುಲಭ.

ಈ ಲೇಖನ ಬರೆಯುವ ಮುಂಚೆ ಚಾಚಾರ ಬಳಿ ಮತ್ತೊಮ್ಮೆ ಹೋಗಿದ್ದೆ. 1977ರ ಮಾರ್ಚ್ 21ಕ್ಕೆ ತುರ್ತುಪರಿಸ್ಥಿತಿ ಹೋಯಿತಲ್ಲ, ಆಮೇಲೆ ಮೇಷ್ಟ್ರು ಮತ್ತೆ ಗಟ್ಟಿಯಾಗಿ ಓದಲು ಶುರು ಮಾಡಿದರೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿದರು.

'ಇಲ್ಲ ಬೇಟಾ. ಬರ್ತಿದ್ರು, ಬೆಂಚಿನ ಮೇಲೆ ಕೂರ್ತಿದ್ರು, ಮನಸ್ಸಿನಲ್ಲೇ ಓದಿಕೊಂಡು ಪೇಪರ್ ಮಡಚಿಕೊಂಡು ಹೋಗ್ತಿದ್ರು. ಅಭ್ಯಾಸ ತಪ್ಪಿಹೋಗಿತ್ತು.'

ಆಮೇಲೆ, ನಾನು ಕೇಳದೆಯೇ, 'ಓದಿ ಅಂತ ನಾವೂ ಹೇಳಲಿಲ್ಲ' ಎಂದರು.